ಎಚ್‌ಆರ್ ಮಿತಾಕ್ಷರ: ಉದ್ಯೋಗಿಯ ಕುಟುಂಬ ನಿರ್ಣಯ

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ಟೀಕೆ ಬರೆದು, ಯಾರು ಯಾರಿಗೆ ಸಪಿಂಡರು, ಅಂದರೆ ಹತ್ತಿರದ ರಕ್ತಸಂಬಂಧಿಗಳು, ಎಂಬುದನ್ನು ತಂದೆಯ ಕಡೆಗೆ ಏಳು, ತಾಯಿಯ ಕಡೆಗೆ ಐದು ತಲೆಮಾರಿನವರೆಗೆ ಎಳೆದು ನಿಲ್ಲಿಸಿದ. ಆಮೇಲೆ ಸುಮಾರು ಒಂಬತ್ತು ಶತಮಾನ ಈ ಕ್ಷೇತ್ರದಲ್ಲಿ ಹೇಳಿಕೊಳ್ಳುವಂಥ ಕೆಲಸವಾದಂತಿಲ್ಲ. ಈಗ ಆಗುತ್ತಿದೆ, ಅದೂ ಕನ್ನಡ ನೆಲದಲ್ಲೇ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ, ಗುಂಪು ಆರೋಗ್ಯ ವಿಮೆಯ ನೋಂದಣಿ ತೆರೆದಿರುವ ಕೆಲವೇ ದಿನಗಳಲ್ಲಿ, ಕುಟುಂಬವೆಂದರೆ ಯಾರು ಎಂಬ ಪ್ರಶ್ನೆ ವರ್ಷಕ್ಕೊಮ್ಮೆ ಇತ್ಯರ್ಥವಾಗುತ್ತದೆ. ಇಂದಿನ ಸ್ಮೃತಿಕಾರರು ಎಚ್‌ಆರ್‌ನವರೇ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಮೂಲಸೂತ್ರ ‘1+3’. ಒಂದು ಎಂದರೆ ಉದ್ಯೋಗಿ. ಮೂರು ಎಂದರೆ ಗಂಡ ಅಥವಾ ಹೆಂಡತಿ ಮತ್ತು ಎರಡು ಮಕ್ಕಳು. ‘1+5’ ಎಂಬ ಉದಾರ ಪಾಠಾಂತರದಲ್ಲಿ ಅಪ್ಪ-ಅಮ್ಮನೂ ಸೇರುತ್ತಾರೆ, ಹಲವೆಡೆ ಅವರ ಪ್ರೀಮಿಯಂ ಉದ್ಯೋಗಿಯ ಸಂಬಳದಿಂದಲೇ ಮುರಿಯುತ್ತದೆ. ಮೂರನೆಯ ಮಗುವಿನ ಬಗ್ಗೆ ಸೂತ್ರ ಸಾಮಾನ್ಯವಾಗಿ ಮೌನ ತಾಳುತ್ತದೆ. ಮಗನಿಗೆ 25 ತುಂಬಿದ ದಿನ ಬಹುತೇಕ ಪಾಲಿಸಿಗಳಲ್ಲಿ ಅವನು ಕುಟುಂಬದಿಂದ ಉದುರಿಹೋಗುತ್ತಾನೆ. ರಾತ್ರಿ ಊಟಕ್ಕೆ ಮನೆಗೇ ಬರುತ್ತಾನೆ ಎಂಬ ವಾದಕ್ಕೆ ಇಲ್ಲಿ ಪ್ರಾಮಾಣ್ಯವಿಲ್ಲ.

ಕಗ್ಗಂಟಿರುವುದು ‘ತಂದೆ-ತಾಯಿ ಅಥವಾ ಅತ್ತೆ-ಮಾವ’ ಎಂಬ ಸಾಲಿನಲ್ಲಿ. ಆ ‘ಅಥವಾ’ ಎಷ್ಟು ಮನೆಗಳ ಭಾನುವಾರ ಹಾಳು ಮಾಡಿದೆ ಎಂಬ ಬಗ್ಗೆ ಪ್ರತ್ಯೇಕ ಸಂಶೋಧನೆ ಆಗಬೇಕಿದೆ. ಪೂರ್ವಪಕ್ಷಿ ಕೇಳುತ್ತಾನೆ: ನನಗೆ ಅಪ್ಪನಿಲ್ಲ, ಹೆಂಡತಿಗೂ ಅಪ್ಪನಿಲ್ಲ, ಹಾಗಾದರೆ ನನ್ನ ಅಮ್ಮನನ್ನೂ ಅವಳ ಅಮ್ಮನನ್ನೂ ಸೇರಿಸಿ ಒಂದು ಜೋಡಿ ಮಾಡಬಹುದಲ್ಲ, ತಲೆ ಎಣಿಕೆ ಸರಿಹೋಗುತ್ತದೆ? ಕೂಡದು ಎಂಬುದು ಸಿದ್ಧಾಂತ. ಅಡ್ಡಜೋಡಿ ನಿಷಿದ್ಧ. ಕಾರಣ ಕೇಳಿದರೆ, ಕಾಯಿಲೆಯಿರುವವರನ್ನಷ್ಟೇ ಆರಿಸಿ ಸೇರಿಸುವುದನ್ನು ತಪ್ಪಿಸಲು ಎನ್ನುತ್ತಾರೆ ವಿಮಾ ಮೀಮಾಂಸಕರು. ತರ್ಕ ಸರಿಯೇ ಇದೆ. ಅದನ್ನು ಅತ್ತೆಯವರಿಗೆ ಯಾರು ವಿವರಿಸಬೇಕೆಂಬುದನ್ನು ಮಾತ್ರ ಶಾಸ್ತ್ರ ಹೇಳುವುದಿಲ್ಲ.

ರಾಜಾಜಿನಗರದ ಆಸ್ಪತ್ರೆಯನ್ನು ನೋಡಿದವರಿಗೆ ಇನ್ನೊಂದು, ಹೆಚ್ಚು ಪ್ರಾಚೀನ ಶಾಖೆ ಗೊತ್ತು: ಇಎಸ್‌ಐ. ನೌಕರರ ಈ ರಾಜ್ಯ ವಿಮೆ ಹುಟ್ಟಿದ್ದು 1948ರ ಕಾಯ್ದೆಯಿಂದ, ಜಾರಿಗೆ ಬಂದದ್ದು 1952ರಲ್ಲಿ. ಪೀಣ್ಯದ ಗಾರ್ಮೆಂಟ್ಸ್ ಕೆಲಸದವಳ ಸಂಬಳದಿಂದ ಶೇ. 0.75, ಮಾಲೀಕನಿಂದ ಶೇ. 3.25. ಇಲ್ಲಿ ಕುಟುಂಬಕ್ಕೆ ತಲೆ ಎಣಿಕೆಯಿಲ್ಲ. ಅವಲಂಬಿತ ತಂದೆ-ತಾಯಿ ಬರುತ್ತಾರೆ, ಮದುವೆಯಾಗದ ಮಗಳು ಬರುತ್ತಾಳೆ, ಹೆತ್ತವರಿಲ್ಲದ ಅವಿವಾಹಿತ ಕಾರ್ಮಿಕನ ಪುಟ್ಟ ತಮ್ಮ-ತಂಗಿಯರೂ ಬರುತ್ತಾರೆ. ಚಿಕಿತ್ಸೆಯ ಖರ್ಚಿಗೆ ಇಷ್ಟೇ ಎಂಬ ಗೆರೆಯೂ ಇಲ್ಲ. ಆದರೆ ಇದು 21,000 ರೂಪಾಯಿವರೆಗಿನ ಸಂಬಳದವರ ದರ್ಶನ. ಬಡ್ತಿ ಸಿಕ್ಕಿ ಒಂದು ರೂಪಾಯಿ ದಾಟಿದವರು ಆ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಹೊರಬಂದು ‘1+3’ರ ಬಾಗಿಲು ಬಡಿಯಬೇಕು, ಅಂಥ ಬಾಗಿಲು ಇದ್ದರೆ. ಕ್ಯೂ ಉದ್ದ, ಔಷಧ ತಡ ಎಂದು ಇಎಸ್‌ಐಯನ್ನು ಮೂಗು ಮುರಿದು ನೋಡುವ ಐಟಿ ವಿದ್ವಾಂಸರು ಈ ಭಾಗವನ್ನು ಎರಡು ಸಲ ಓದುವುದು ಒಳ್ಳೆಯದು.

ಈಗ ಮುಖ್ಯ ವಾದ. ಆಸ್ತಿ ಹಕ್ಕಿನಲ್ಲಿ ಮಿತಾಕ್ಷರ ಮತ್ತು ಬಂಗಾಳದ ಜೀಮೂತವಾಹನನ ದಾಯಭಾಗ ಎಂಬ ಎರಡು ಪಂಥಗಳಿದ್ದವು. ಮಿತಾಕ್ಷರದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ದಾಯಭಾಗದಲ್ಲಿ ಅಪ್ಪ ತೀರಿಕೊಳ್ಳುವವರೆಗೆ ಕಾಯಬೇಕು. ಕಂಪನಿಯ ಗುಂಪು ಪಾಲಿಸಿ ಅಪ್ಪಟ ಮಿತಾಕ್ಷರ. ಕೆಲಸಕ್ಕೆ ಸೇರಿದ ದಿನವೇ ಅಮ್ಮನ ಹಳೆಯ ಸಕ್ಕರೆ ಕಾಯಿಲೆಗೂ, ನಾಳೆ ಹುಟ್ಟುವ ಕೂಸಿಗೂ ಸಾಮಾನ್ಯವಾಗಿ ರಕ್ಷಣೆ. ಸ್ವಂತ ದುಡ್ಡಿನ ಪಾಲಿಸಿ ದಾಯಭಾಗ: ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. (2024ರ ಏಪ್ರಿಲ್‌ಗೆ ಮುಂಚೆ ನಾಲ್ಕಿತ್ತು, ವಿಮಾ ನಿಯಂತ್ರಕ ಐಆರ್‌ಡಿಎಐ ಒಂದನ್ನು ಮಾಫಿ ಮಾಡಿತು.) 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿ ಸೊನ್ನೆ, ಗುಂಪು ಪಾಲಿಸಿಗೆ ಮಾತ್ರ ಹಳೆಯ ಶೇ. 18. ರಾಜಾಶ್ರಯ ಯಾವ ಪಂಥಕ್ಕೆಂದು ಇದರಿಂದ ಊಹಿಸಬಹುದು.

ಇನ್ನು ಕಾರ್ಯಕಾರಣ ಭಾವದ ಅಧ್ಯಾಯ. ಐದು ಲಕ್ಷದ ಪಾಲಿಸಿಯಲ್ಲಿ ಕೋಣೆ ಬಾಡಿಗೆ ಮಿತಿ ಶೇ. 1 ಎಂದುಕೊಳ್ಳಿ, ದಿನಕ್ಕೆ 5,000. ರೋಗಿ 10,000ದ ಕೋಣೆ ಹಿಡಿದ. ಹೆಚ್ಚಾದ ಐದು ಸಾವಿರ ಕೈಯಿಂದ ಕೊಟ್ಟರಾಯಿತು ಎಂಬುದು ಪಾಮರರ ನಂಬಿಕೆ. ಆದರೆ ಅನುಪಾತ ಕಡಿತವೆಂಬ ನ್ಯಾಯದ ಪ್ರಕಾರ ಶಸ್ತ್ರವೈದ್ಯರ ಶುಲ್ಕವೂ ಅರ್ಧವಾಗುತ್ತದೆ, ಅರಿವಳಿಕೆಯವರದೂ ಅರ್ಧ, ಆಪರೇಷನ್ ಥಿಯೇಟರಿನದೂ ಅರ್ಧ. ಒಂದೇ ಪಿತ್ತಕೋಶದ ಕಲ್ಲು, ಒಂದೇ ಕತ್ತರಿ. ರೋಗಿ ಆಮೇಲೆ ಯಾವ ಕಿಟಕಿಯ ಪಕ್ಕ ಮಲಗುತ್ತಾನೆ ಎಂಬುದರ ಮೇಲೆ ಕೊಯ್ದ ಕೂಲಿ ನಿಂತಿದೆ. ಆಸ್ಪತ್ರೆಗಳು ಕೋಣೆಯ ದರ್ಜೆ ನೋಡಿಯೇ ವೈದ್ಯರ ಶುಲ್ಕ ಬರೆಯುವುದರಿಂದ ಈ ನ್ಯಾಯ ಹುಟ್ಟಿತು. ಔಷಧ, ಇಂಪ್ಲಾಂಟ್‌ಗಳಿಗೆ ಇದು ತಾಗಬಾರದೆಂದು ನಿಯಮವಿದೆ. ಬಿಲ್ಲು ಹಿಡಿದು ನಿಂತವರು ಅದನ್ನು ಬಾಯಿಪಾಠ ಮಾಡಿಕೊಂಡಿರಬೇಕು. ಶಾಸ್ತ್ರಾಧ್ಯಯನ ಮಾಡದ ಶಾಮಣ್ಣನಿಗೆ ಒಂದೇ ಉಪದೇಶ: ದಾಖಲಾಗುವಾಗ ಟಿವಿ ದೊಡ್ಡದಿದೆಯೇ ಎಂದು ಕೇಳದೆ ಮಿತಿ ಎಷ್ಟೆಂದು ಕೇಳಿ. ಟಿವಿಯ ದುಡ್ಡು ಹೇಗೂ ಕೊಡದ ವಸ್ತುಗಳ ಪಟ್ಟಿಯಲ್ಲಿದೆ, ಮಿನರಲ್ ವಾಟರ್ ಮತ್ತು ಕೈಚೀಲದ ಜೊತೆ.

ಕೊನೆಯದು ಸನ್ಯಾಸ ಪ್ರಕರಣ. ಧರ್ಮಶಾಸ್ತ್ರದಲ್ಲಿ ಸನ್ಯಾಸ ತೆಗೆದುಕೊಂಡವನು ಕುಟುಂಬದ ಆಸ್ತಿಗೆ ಸತ್ತಂತೆ. ರಾಜೀನಾಮೆಯೂ ಇಲ್ಲಿ ಸನ್ಯಾಸವೇ. ವ್ಯತ್ಯಾಸವೆಂದರೆ ವೈರಾಗ್ಯ ಒಬ್ಬನದು, ಹಕ್ಕು ಕಳೆದುಕೊಳ್ಳುವವರು ಆರು ಜನ. ಕಡೆಯ ದಿನದೊಂದಿಗೆ ಕಾರ್ಡೂ ಸಾಮಾನ್ಯವಾಗಿ ಮುಗಿಯುತ್ತದೆ. ಹೊಸ ಕೆಲಸಕ್ಕೆ ಸೇರುವ ಮುನ್ನ ಮೂರು ವಾರ ಊರಿಗೆ ಹೋಗಿ ಬರೋಣವೆಂದವನ 68ರ ಅಪ್ಪನಿಗೆ ಆ ಮೂರು ವಾರ ಎದೆನೋವು ಬರಕೂಡದು. ಪ್ರಾಯಶ್ಚಿತ್ತ ಉಂಟು: ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವಲಸೆ ಹೋಗಲು ಅರ್ಜಿ ಹಾಕಬಹುದು, ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಸಿಗುತ್ತವೆ. ಆದರೆ ಕಾರ್ಡು ಬದುಕಿರುವಾಗಲೇ ಕೇಳಬೇಕು. ನೋಟಿಸ್ ಅವಧಿ ಎರಡು ಮೂರು ತಿಂಗಳು ಇರುತ್ತದೆ. ಆ ಹೊತ್ತಿನಲ್ಲಿ ಎಚ್‌ಆರ್‌ನವರು ಲ್ಯಾಪ್‌ಟಾಪ್, ಚಾರ್ಜರ್, ಗುರುತಿನ ಚೀಟಿ ಮತ್ತು ಅದರ ದಾರದ ಬಗ್ಗೆ ನಾಲ್ಕು ಮೇಲ್ ಕಳಿಸಿರುತ್ತಾರೆ.