ಉಂಡೆಶಾಸ್ತ್ರ: ಚಿರೋಟಿ ರವೆಯಿಂದ ಮಿಶಿಗನ್ ಮಂಜಿನವರೆಗೆ

ಕನ್ನಡದಲ್ಲಿ ಪಾಕಶಾಸ್ತ್ರಕ್ಕೇನೂ ಬರವಿಲ್ಲ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ ನೆಲದಡಿ ನೀರೆಲ್ಲಿದೆ ಎಂಬುದರಿಂದ ಹಿಡಿದು ಒಲೆಯ ಮೇಲೇನಿರಬೇಕು ಎಂಬುದರವರೆಗೆ ಹೇಳುತ್ತದೆ. 16ನೇ ಶತಮಾನದ ಮೂರನೆಯ ಮಂಗರಸ ಅಡುಗೆಗೆಂದೇ ‘ಸೂಪಶಾಸ್ತ್ರ’ ಬರೆದ, ಅದೂ ಷಟ್ಪದಿಯಲ್ಲಿ. ಒಗ್ಗರಣೆ ಸೀಯುವುದರೊಳಗೆ ಪ್ರಾಸ ಹುಡುಕಿದ ಆ ಧೀರನಿಗೆ ನಮಸ್ಕಾರ. ಆದರೆ ಹಿಮವನ್ನು ಉಂಡೆ ಕಟ್ಟುವ ಬಗೆಯನ್ನು ಇಬ್ಬರೂ ಹೇಳಿಲ್ಲ. ಅವರು ಹಿಮ ಕಂಡಿರಲಾರರು ಎಂಬುದು ಸಮಜಾಯಿಷಿಯಲ್ಲ. ತಿಪಟೂರಿನ ನಮ್ಮತ್ತೆಯೂ ಎಪ್ಪತ್ತೆರಡು ವರ್ಷ ಕಂಡಿರಲಿಲ್ಲ. ಈ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಪರಿಭಾಷೆ. ‘ಹಿಮಮಾನವ’ ಎಂದರೆ ನಮ್ಮ ಓದುಗರಿಗೆ ನೆನಪಾಗುವುದು ಹಿಮಾಲಯದಲ್ಲಿ ದೊಡ್ಡ ಹೆಜ್ಜೆಗುರುತು ಬಿಟ್ಟು ಮಾಯವಾಗುವ ಯೇತಿ. ಅಂಗಳದಲ್ಲಿ ಮಕ್ಕಳು ಕಟ್ಟುವ, ಎಲ್ಲಿಗೂ ಹೋಗದ, ಹೋದರೆ ಚರಂಡಿಗೇ ಹೋಗುವ ಸಾಧು ಪ್ರಾಣಿಗೆ ಆ ಹೆಸರು ಸಲ್ಲದು. ‘ಹಿಮಗೊಂಬೆ’ ಪಠ್ಯಪುಸ್ತಕದ ಮಾತು. ಅತ್ತೆ ಕಂಡ ತಕ್ಷಣ ‘ಮಂಜಣ್ಣ’ ಎಂದರು. ಪಂಡಿತರು ಒಂದು ವಾರ ಕಮ್ಮಟ ನಡೆಸಿದ್ದರೂ ಇದಕ್ಕಿಂತ ಒಳ್ಳೆಯ ಪದ ಹುಟ್ಟುತ್ತಿರಲಿಲ್ಲ. ಊರೂರಿನ ಮಂಜಣ್ಣಗಳು ದಯವಿಟ್ಟು ಕ್ಷಮಿಸಬೇಕು.

ಈ ಶಾಸ್ತ್ರಕ್ಕಿರುವುದು ಒಂದೇ ಸೂತ್ರ: ಹದವಿದ್ದರೆ ಉಂಡೆ, ಇಲ್ಲದಿದ್ದರೆ ಉಪ್ಪಿಟ್ಟು.

ಆಕರಗ್ರಂಥವೂ ಒಂದೇ. ಮದುವೆಯ ಹೊಸತರಲ್ಲಿ ನನ್ನ ಹೆಂಡತಿ ತನ್ನ ಅಮ್ಮನ ಬಾಯಿಂದ ಕೇಳಿ ಬರೆದುಕೊಂಡ ನೂರು ಪುಟದ ನೋಟ್‌ಬುಕ್. ರವೆ ಉಂಡೆಯ ಹಾಳೆ ತುಪ್ಪ ಕುಡಿದು ಗಾಜಿನಂತಾಗಿದೆ. ಹಿಂಬದಿಯ ಬಿಸಿಬೇಳೆಬಾತ್ ಮುಂಬದಿಗೆ ಇಣುಕುತ್ತದೆ. ಇದರಿಂದ ಭೀಕರ ಪಾಠಾಂತರಗಳು ಹುಟ್ಟಿವೆ. ರವೆ ಉಂಡೆಗೆ ನಿಂಬೆ ಗಾತ್ರದ ಹುಣಸೆಹಣ್ಣು ಹಾಕಬೇಕೆಂಬ ಪ್ರಕ್ಷಿಪ್ತ ಪಾಠವನ್ನು ನಾನು ಒಮ್ಮೆ ಪ್ರಾಮಾಣಿಕವೆಂದು ನಂಬಿ, ಅಡುಗೆಮನೆಯಿಂದ ಹೊರದಬ್ಬಿಸಿಕೊಂಡಿದ್ದೇನೆ. ಶುದ್ಧಪಾಠ ಇಷ್ಟು: ರವೆ ಬೇಕಾದಷ್ಟು. ಸಕ್ಕರೆ ಅದಕ್ಕೆ ತಕ್ಕಷ್ಟು. ತುಪ್ಪ ಧಾರಾಳ. ಘಮ್ಮೆನ್ನುವವರೆಗೆ ಹುರಿದು, ಹಾಲು ಚಿಮುಕಿಸಿ, ಹದ ನೋಡಿಕೊಂಡು ಬಿಸಿಯಿರುವಾಗಲೇ ಕಟ್ಟುವುದು. ‘ಬಿಸಿ’ ಎಂದರೆ ಎಷ್ಟು ಎಂಬ ಪ್ರಶ್ನೆಗೆ ಅಂಚಿನಲ್ಲಿ ಪೆನ್ಸಿಲ್ ಟಿಪ್ಪಣಿಯಿದೆ: ‘ಕೈ ಸುಡಬೇಕು, ಕೂಗಬಾರದು.’

ಪೂರ್ವಪಕ್ಷ ನನ್ನದು. ವೃತ್ತಿಯಿಂದ ಇಂಜಿನಿಯರ್ ಆದ ನಾನು ‘ಬೇಕಾದಷ್ಟು’ ಎಂಬುದಕ್ಕೆ 250 ಗ್ರಾಂ ಎಂದು ಬೆಲೆ ಕಟ್ಟಿದೆ. ಡಿಜಿಟಲ್ ತಕ್ಕಡಿ ತಂದೆ. ಥರ್ಮಾಮೀಟರು ಚುಚ್ಚಿದೆ. ಹಾಲನ್ನು ಚಿಮುಕಿಸದೆ ಮಿಲಿಲೀಟರಿನಲ್ಲಿ ಸುರಿದೆ. ಫಲಿತಾಂಶವನ್ನು ಮನೆಯವರು ಚಮಚದಲ್ಲಿ ತಿಂದರು. ಅದು ಶಿರಾ ಎಂದು ಮಗಳು ಇವತ್ತಿಗೂ ನಂಬಿದ್ದಾಳೆ.

ಇನ್ನು ಹಿಮದ ಪ್ರಕರಣ. ಮಿಶಿಗನ್ನಿನ ಆ್ಯನ್ ಆರ್ಬರ್‌ನ ನಮ್ಮ ಮನೆಗೆ ಅತ್ತೆ ಬಂದಿಳಿದದ್ದು ಡಿಸೆಂಬರಿನಲ್ಲಿ. ಬೆಳಗ್ಗೆ ಕಿಟಕಿಯ ಪರದೆ ಸರಿಸಿ ನೋಡಿ, ‘ಇದೇನ್ರೀ, ಯಾರೋ ಊರಿಗೂರೇ ಕೊಬ್ಬರಿ ತುರಿದು ಚೆಲ್ಲಿದ್ದಾರೆ’ ಎಂದರು. ತಿಪಟೂರಿನವರಿಗೆ ಲೋಕದ ಉಪಮಾನಗಳೆಲ್ಲ ಕೊಬ್ಬರಿಯಿಂದಲೇ ಶುರು. ಅಂದು ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿನ ಚಳಿ. ಏಳು ವರ್ಷದ ಮೊಮ್ಮಗಳು ಅಜ್ಜಿಗೆ ನನ್ನ ಜಾಕೆಟ್ಟು, ತನ್ನಮ್ಮನ ಬೂಟು, ಯಾರದೋ ಟೋಪಿ ತೊಡಿಸಿ ಅಂಗಳಕ್ಕಿಳಿಸಿದಳು.

ನಾನು ಅಲ್ಲೇ ಉಪನ್ಯಾಸ ಆರಂಭಿಸಿದೆ. ಮಂಜುಗಡ್ಡೆಯ ಎರಡು ತುಂಡುಗಳನ್ನು ಒತ್ತಿದರೆ ಅಂಟಿಕೊಳ್ಳುವುದೇಕೆ ಎಂದು 1850ರಲ್ಲೇ ಮೈಕೆಲ್ ಫ್ಯಾರಡೆ ತಲೆ ಕೆಡಿಸಿಕೊಂಡಿದ್ದ. ಗಡ್ಡೆಯ ಮೈಮೇಲೆ ನೀರಿನ ತೆಳುಪದರವಿರುತ್ತದೆ, ಒತ್ತಿದಾಗ ಅದೇ ಹೆಪ್ಪುಗಟ್ಟಿ ಬೆಸೆಯುತ್ತದೆ ಎಂದಿದ್ದ. ಚಳಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದರೆ ಹಿಮ ಅಂಟುತ್ತದೆ, ತೀರಾ ಇಳಿದರೆ ಹಿಟ್ಟಿನಂತೆ ಉದುರುತ್ತದೆ. ಇದನ್ನೆಲ್ಲ ನಾನು ವಿವರಿಸುತ್ತಿದ್ದಾಗ ಅತ್ತೆ ಬಲಗೈ ಗವಸು ಬಿಚ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡರು. ಒಂದು ಹಿಡಿ ಹಿಮ ಎತ್ತಿದರು. ಮುಷ್ಟಿ ಕಟ್ಟಿ ಎರಡು ಸಲ ಅಮುಕಿ, ಅಂಗೈ ಬಿಡಿಸಿ, ಹೆಬ್ಬೆರಳಿನಿಂದ ಮೆಲ್ಲನೆ ತಟ್ಟಿದರು. ಹಿಮ ಬೆರಳ ಸಂದಿಯಿಂದ ಉದುರಿತು.

‘ಇವತ್ತಾಗಲ್ಲ ಅಳಿಯಂದಿರೇ. ಪಸೆಯೇ ಇಲ್ಲ. ಒಂಚೂರು ಹಾಲು ಚಿಮುಕಿಸೋಣವೇ?’

ಈ ಕಡೆಯ ವಾಕ್ಯದ ಬಗ್ಗೆ ವ್ಯಾಖ್ಯಾನಕಾರರಲ್ಲಿ ಭಿನ್ನಾಭಿಪ್ರಾಯವಿದೆ. ನನ್ನ ಹೆಂಡತಿಯ ಪಂಥದವರು ಅದು ತಮಾಷೆ ಎನ್ನುತ್ತಾರೆ. ಅತ್ತೆಯ ಮುಖದಲ್ಲಿ ನನಗಂತೂ ತಮಾಷೆ ಕಾಣಲಿಲ್ಲ.

ಎರಡು ದಿನ ಬಿಟ್ಟು ಎಳೆಬಿಸಿಲು ಬಂತು. ಮತ್ತೆ ಅದೇ ಪರೀಕ್ಷೆ: ಹಿಡಿ, ಅಮುಕು, ತಟ್ಟು. ಈ ಸಲ ಅಂಗೈಯಲ್ಲಿ ನಾಲ್ಕು ಬೆರಳಿನ ಗುರುತು ಮೂಡಿದ ಗಟ್ಟಿ ಉಂಡೆ ಕೂತಿತ್ತು. ‘ಬಂತು’ ಎಂದರು ಅತ್ತೆ. ಫೋನಿನಲ್ಲಿ ಉಷ್ಣಾಂಶ ನೋಡಿದೆ. ಸೊನ್ನೆಗಿಂತ ಒಂದೇ ಡಿಗ್ರಿ ಮೇಲೆ. ಫ್ಯಾರಡೆ ಬದುಕಿದ್ದರೆ ಅತ್ತೆಯ ಕೈಗೆ ಅರಿಶಿನ ಕುಂಕುಮ ಕೊಡುತ್ತಿದ್ದ.

ಪಾಶ್ಚಾತ್ಯ ಪರಂಪರೆಯನ್ನೂ ಒಂದು ಸುತ್ತು ನೋಡಿಬಿಡುವುದು ವಿದ್ವತ್ತಿನ ಮರ್ಯಾದೆ. 1494ರ ಚಳಿಗಾಲದಲ್ಲಿ ಫ್ಲಾರೆನ್ಸಿನ ದೊರೆಮನೆಯ ಪಿಯೆರೊ ಮೆಡಿಚಿ ಯುವಕ ಮೈಕೆಲ್ಯಾಂಜೆಲೊನನ್ನು ಕರೆಸಿ ಹಿಮದ ಪ್ರತಿಮೆ ಮಾಡಿಸಿದನೆಂದು ವಸಾರಿ ಬರೆದಿದ್ದಾನೆ. ಬಹಳ ಚೆನ್ನಾಗಿತ್ತಂತೆ. ಅಳತೆ? ಕೊಟ್ಟಿಲ್ಲ. ಬೇಕಾದಷ್ಟು ಹಿಮ, ಅದಕ್ಕೆ ತಕ್ಕಷ್ಟು ಮೈಕೆಲ್ಯಾಂಜೆಲೊ. ಅಳತೆ ಕೊಟ್ಟವರೆಂದರೆ ಅಮೆರಿಕದ ಮೇನ್ ರಾಜ್ಯದ ಬೆಥೆಲ್ ಊರಿನವರು: 2008ರಲ್ಲಿ 122 ಅಡಿ 1 ಅಂಗುಲದ ಹಿಮದ ಹೆಂಗಸನ್ನು ನಿಲ್ಲಿಸಿ, ಕಣ್ಣರೆಪ್ಪೆಗೆ ಸ್ಕೀ ಪಟ್ಟಿಗಳನ್ನು ಸಿಕ್ಕಿಸಿದರು. ಜಪಾನಿನವರು ಎರಡೇ ಉಂಡೆಯಲ್ಲಿ ಮುಗಿಸುತ್ತಾರೆ. ಮಿತವ್ಯಯ.

ನಮ್ಮದು ಮೂರುಂಡೆ. ಮೂಗಿನ ವಿಷಯದಲ್ಲಿ ಶಾಸ್ತ್ರಸಂಕಟ ಎದುರಾಯಿತು. ಸಂಪ್ರದಾಯ ಕ್ಯಾರೆಟ್ ಕೇಳುತ್ತದೆ; ಮನೆಯ ಕ್ಯಾರೆಟ್ಟೆಲ್ಲ ಕೋಸಂಬರಿಗೆ ತುರಿದಾಗಿತ್ತು. ಅತ್ತೆ ಒಳಗೆ ಹೋಗಿ, ಊರಿಂದ ತಂದಿದ್ದ ಗಂಟಿನಿಂದ ಉದ್ದನೆಯ ಬ್ಯಾಡಗಿ ಮೆಣಸಿನಕಾಯಿ ತಂದು ಚುಚ್ಚಿದರು. ಕಣ್ಣಿಗೆ ಖರ್ಜೂರ. ಮುಂದಿನದು ಪ್ರತ್ಯಕ್ಷ ಪ್ರಮಾಣ: ಮರುದಿನ ಬೆಳಗಾಗುವಷ್ಟರಲ್ಲಿ ಪಕ್ಕದ ಮನೆಯ ಮಂಜಣ್ಣನ ಕ್ಯಾರೆಟ್ ಮೂಗನ್ನು ಅಳಿಲು ಹೊತ್ತೊಯ್ದಿತ್ತು. ನಮ್ಮವನ ಹೆಗಲೇರಿದ ಅಳಿಲು ಮೊದಲು ಎರಡೂ ಖರ್ಜೂರ ತಿಂದಿತು. ಆಮೇಲೆ ಮೂಗನ್ನು ಎರಡು ಕೈಯಲ್ಲಿ ಹಿಡಿದು, ಮೂಸಿ, ಒಂದು ಕ್ಷಣ ಯೋಚಿಸಿ, ಬಿಟ್ಟು ಹೋಯಿತು. ಹಕ್ಕಿಗೆ ಮೆಣಸಿನ ಖಾರ ತಟ್ಟುವುದಿಲ್ಲ, ಅಳಿಲಿಗೆ ತಟ್ಟುತ್ತದೆ. ಇಲ್ಲಿ ಹಕ್ಕಿಗಳ ಕಾಳಿಗೆ ಖಾರ ಬೆರೆಸಿ ಮಾರುವುದು ಇದೇ ಕಾರಣಕ್ಕೆ. ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಆಕ್ಷೇಪ ಬರಬಹುದು. ಮಿಶಿಗನ್ನಿನ ಅಳಿಲಿಗೆ ಅಷ್ಟೇ ಸಾಕು.

ಆಮೇಲೆ ಕುರುಡನಾದ ಮಂಜಣ್ಣ ಹನ್ನೊಂದು ದಿನ ಬಾಳಿದ. ದಿನದಿನಕ್ಕೆ ಬಾಗುತ್ತ, ಹೊಟ್ಟೆ ಇಳಿಯುತ್ತ ಹೋದ. ಕೊನೆಯ ದಿನ ಮಗಳು ಅತ್ತಳು. ‘ಅಳಬೇಡ ಮರಿ, ಗಣಪತೀನ ಬಿಟ್ಟ ಹಾಗೆ, ಮುಂದಿನ ವರ್ಷ ಬರ್ತಾನೆ’ ಎಂದು ಅಜ್ಜಿ ರವೆ ಉಂಡೆ ಕೈಗಿಟ್ಟರು. ನೆಲದ ಮೇಲೆ ಉಳಿದ ಮೂಗನ್ನು ನನ್ನ ಹೆಂಡತಿ ತೊಳೆದು ಒಣಗಿಸಿದಳು. ಅದು ಯಾವ ಸಾರಿನ ಒಗ್ಗರಣೆಗೆ ಬಿತ್ತೆಂದು ಸಂಶೋಧಿಸಲು ನನಗೆ ಅನುಮತಿ ಸಿಕ್ಕಿಲ್ಲ.

ಕೈಯಿಂದ ಮುಟ್ಟದೆ ಹದ ತಿಳಿಯದು ಎಂಬ ಸಿದ್ಧಾಂತದೊಂದಿಗೆ ಈ ಪ್ರಬಂಧವನ್ನು ಮುಗಿಸುವವನಿದ್ದೆ. ಕಳೆದ ನವೆಂಬರಿನಲ್ಲಿ ಅದಕ್ಕೂ ಕಲ್ಲು ಬಿತ್ತು. ವರ್ಷದ ಮೊದಲ ಹಿಮ ಬಿದ್ದ ಬೆಳಗ್ಗೆ ಮಗಳು ವಿಡಿಯೊ ಕಾಲ್ ಮಾಡಿದಳು. ತಿಪಟೂರಿನಲ್ಲಿ ದೀಪ ಹಚ್ಚುವ ಹೊತ್ತು. ಅಜ್ಜಿ ಕೇಳಿದ್ದಕ್ಕೆ ಒಂದು ಹಿಡಿ ಹಿಮ ಎತ್ತಿ, ಎರಡು ಸಲ ಅಮುಕಿ, ಅಂಗೈ ಬಿಡಿಸಿ ಕ್ಯಾಮೆರಾಕ್ಕೆ ಹಿಡಿದಳು. ಅತ್ತೆ ಕನ್ನಡಕ ಹಣೆಗೇರಿಸಿ ಫೋನನ್ನು ಮುಖದ ಹತ್ತಿರ ತಂದರು.

‘ಉದುರುದುರಾಗಿದೆ ಕಣೆ. ಮಧ್ಯಾಹ್ನ ನೋಡು.’

ಮಧ್ಯಾಹ್ನ ನೋಡಿದೆವು. ಬಂದಿತ್ತು.