ಹೆಸರಿನ ಮುಂದಿನ ಊರು

ಧಾರವಾಡದಲ್ಲಿ ಹಾಡುವವನೋ ಬಾರಿಸುವವನೋ ಊರು ಬಿಡುವ ಮಾತೆತ್ತಿದರೆ ಸಾಕು, ಕಟ್ಟೆಯ ಮೇಲೆ ಕೂತ ಹಿರಿಯರು ಎರಡು ಪಕ್ಷವಾಗುತ್ತಾರೆ. ಹೋಗು ಎನ್ನುವವರ ಕೈಯಲ್ಲಿ ಭೀಮಸೇನ ಜೋಶಿ ಇರುತ್ತಾರೆ, ಬೇಡ ಎನ್ನುವವರ ಕೈಯಲ್ಲಿ ಮಲ್ಲಿಕಾರ್ಜುನ ಮನಸೂರ. ಒಬ್ಬರು ಗದಗ ಬಿಟ್ಟು ಪುಣೆಯವರಾಗಿ ಭಾರತರತ್ನ ಪಡೆದರು. ಇನ್ನೊಬ್ಬರು ಧಾರವಾಡದ ಮನೆಯಲ್ಲೇ ಇದ್ದು ಪದ್ಮವಿಭೂಷಣ ಪಡೆದರು. ಬೇಡ ಎನ್ನುವವರು ಹುಬ್ಬಳ್ಳಿ ಬಿಡದ ಗಂಗೂಬಾಯಿ ಹಾನಗಲ್ಲರನ್ನೂ ಸೇರಿಸಿ ಬಲ ಹೆಚ್ಚಿಸಿಕೊಳ್ಳುತ್ತಾರೆ. ಕುಮಾರ ಗಂಧರ್ವರನ್ನು ಮಾತ್ರ ಎರಡೂ ಕಡೆಯವರು ಜಗ್ಗುತ್ತಾರೆ. ಬೆಳಗಾವಿ ಸೀಮೆಯಿಂದ ಮುಂಬೈಗೆ ಹೋದದ್ದು ಒಂದು ಪಕ್ಷಕ್ಕೆ. ಕ್ಷಯವಾಗಿ 1948ರಲ್ಲಿ ಮಧ್ಯಪ್ರದೇಶದ ದೇವಾಸದಂಥ ಸಣ್ಣ ಊರಿಗೆ ಹೋಗಿ ಅಲ್ಲೇ ನೆಲೆಸಿದ್ದು ಇನ್ನೊಂದಕ್ಕೆ.

ನಾನು ಬೆಂಗಳೂರಿಗೆ ಹೊರಟಾಗಲೂ ಈ ವಾದ ಪದ್ಧತಿಯಂತೆ ನಡೆಯಿತು. ನಮ್ಮ ಕಾಕಾ ಬೇಡದ ಪಕ್ಷದವರು. ವಿಚಿತ್ರವೆಂದರೆ ಅವರು ಎತ್ತಿದ್ದು ಭೀಮಸೇನರ ಕಥೆಯನ್ನೇ. ಗುರುವನ್ನು ಹುಡುಕಿಕೊಂಡು 1933ರಲ್ಲಿ ಹನ್ನೊಂದರ ಹುಡುಗ ಮನೆ ಬಿಟ್ಟದ್ದು, ಟಿಕೆಟ್ಟಿಲ್ಲದೆ ರೈಲು ಹತ್ತಿ ಗ್ವಾಲಿಯರ್ ಮುಟ್ಟಿದ್ದು, ಅಲೆಯುತ್ತ ಜಲಂಧರದವರೆಗೆ ಹೋದದ್ದು, ಅಲ್ಲಿ ವಿನಾಯಕರಾವ್ ಪಟವರ್ಧನರು ನಿಮ್ಮ ಸೀಮೆಯಲ್ಲೇ ಸವಾಯಿ ಗಂಧರ್ವರಿದ್ದಾರೆ, ಅವರ ಹತ್ತಿರ ಕಲಿ ಎಂದು ತಿರುಗಿ ಕಳಿಸಿದ್ದು. ಸವಾಯಿ ಗಂಧರ್ವರಿದ್ದದ್ದು ಕುಂದಗೋಳದಲ್ಲಿ. ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕಾಲು ಚಾಚುವುದರೊಳಗೆ ಬರುವ ಊರು ಅದು.

“ಅಷ್ಟು ದೊಡ್ಡ ಮನಷ್ಯಾಗ ಕುಂದಗೋಳಕ್ಕ ಬರಾಕ ಪಂಜಾಬ ಸುತ್ತಬೇಕಾತು. ನೀ ಬೆಂಗಳೂರಿಗೆ ಹ್ವಾದಿ, ಅಲ್ಲಿ ಯಾರರೆ ‘ಧಾರವಾಡಕ್ಕ ಹೋಗಿ ಕಲಿ’ ಅಂದ್ರ ಬಸ್ ಚಾರ್ಜ್ ದಂಡಲ್ಲೇನೋ ತಮ್ಮಾ?” ಎಂದರು ಕಾಕಾ.

ಎರಡೂ ಪಕ್ಷದವರು ಒಂದು ಸಂಗತಿ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರ ಉದಾಹರಣೆಗಳೆಲ್ಲ ಹಾಡುವವರು. ನಾನು ತಬಲಾದವನು. ಹಾಡುವವರು ಊರಲ್ಲಿದ್ದರೆ ಊರೇ ಅವರ ಬಳಿ ಬಂದೀತು, ಸಾಥ್ ಕೊಡುವವನು ಹಾಡುವವರು ಎಲ್ಲಿದ್ದಾರೋ ಅಲ್ಲಿರಬೇಕು. ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆಯ ಮೇಲೆ ಬೀಳುತ್ತದೆಂದು ಹಳೆಯ ಮಾತು. ಕವಿ ತಪ್ಪಿಸಿಕೊಂಡರೆ ತಬಲಾದವನಿಗೆ ಬೀಳುವುದು ಖಾತ್ರಿ. ನಮ್ಮ ಓಣಿಯೊಂದರಲ್ಲೇ ತೀನತಾಲ ಬಾರಿಸುವವರು ಇಷ್ಟು ಮಂದಿ ಇದ್ದರೆಂದರೆ, ಕಾರ್ಯಕ್ರಮವೊಂದು ಗೊತ್ತಾದರೆ ಅದು ನನ್ನ ಪಾಳಿಗೆ ಬರುವಷ್ಟರಲ್ಲಿ ಗಣಪತಿ ಹಬ್ಬ ಮುಗಿದು ದೀಪಾವಳಿ ಬರುತ್ತಿತ್ತು.

ಹೀಗಾಗಿ ರಾತ್ರಿ ರೈಲು ಹತ್ತಿದೆ. ತಂಬೂರಿ ಹೊತ್ತವನನ್ನು ಕಂಡರೆ ಜನ ಸರಿದು ಜಾಗ ಬಿಡುತ್ತಾರೆ. ತಬಲಾದ ಚೀಲಕ್ಕೆ ಆ ಮರ್ಯಾದೆ ಇಲ್ಲ. ಎದುರಿನ ಸೀಟಿನ ಅಜ್ಜಿ ಚೀಲದ ದುಂಡು ಹೊಟ್ಟೆ ಮುಟ್ಟಿ ನೋಡಿ, “ಬಾನಿಗಿ ಕುಂಬಳಕಾಯಿ ಒಯ್ಯಾಕತ್ತೀರೇನ್ರೀ?” ಎಂದಳು. ಒಂದೇ ಚೀಲವೂ ಅಲ್ಲ. ಗಂಡಸರ ಶ್ರುತಿಗೆ ಸಣ್ಣ ಬಾಯಿಯ ತಬಲಾ ಬೇಕು, ಹೆಂಗಸರ ಶ್ರುತಿಗೆ ಅಗಲ ಬಾಯಿಯದು, ಜತೆಗೆ ಎಡಗೈಯ ಡಗ್ಗಾ. ಡಗ್ಗಾ ಹಿತ್ತಾಳೆಯದು. ಅದು ನನ್ನ ಕಾಲ ಮೇಲೆ ಬಿದ್ದಾಗಲೇ ತುಮಕೂರು ಬಂತೆಂದು ಗೊತ್ತಾದದ್ದು.

ಬೆಂಗಳೂರಿನಲ್ಲಿ ಮೊದಲು ಮನೆ ಹುಡುಕಬೇಕಿತ್ತು. ಮಾಲೀಕರೊಬ್ಬರು ನನ್ನನ್ನು ಸೋಫಾದ ಮೇಲೆ ಕೂರಿಸಿ ಪ್ರಶ್ನೆ ಶುರುಮಾಡಿದರು. ಮಾಂಸ ಬೇಯಿಸ್ತೀರಾ? ಇಲ್ಲ. ಕುಡೀತೀರಾ? ಇಲ್ಲ. ರಾತ್ರಿ ಸ್ನೇಹಿತರು ಬರ್ತಾರಾ? ಊರಲ್ಲಿ ಇನ್ನೂ ಯಾರೂ ಪರಿಚಯವಾಗಿಲ್ಲ. ಅವರ ಮುಖ ಅರಳಿತು. ಅಷ್ಟರಲ್ಲಿ ಚೀಲದ ಬಾಯಿಂದ ನನ್ನ ಸುತ್ತಿಗೆ ಇಣುಕಿತು.

“ನೋಡಿ, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ.”

“ಮೊಳೆಗಲ್ಲ ಸರ್, ತಬಲಾ ಶ್ರುತಿ ಮಾಡಲಿಕ್ಕೆ.”

“ಯಾವುದಕ್ಕೆ ಹೊಡೆದ್ರೂ ಹೊಡೆಯೋದೇ ಅಲ್ವೇನ್ರೀ?”

ತಬಲಾದ ಪಕ್ಕದ ಮರದ ಗಟ್ಟಾಕ್ಕೆ ಎಲ್ಲಿ, ಎಷ್ಟು ಮೆಲ್ಲಗೆ ಏಟು ಕೊಡುತ್ತೇವೆಂದು ತೋರಿಸಿದೆ. ಬಾಯಂಚಿನ ಗಜರೆಯನ್ನು ಮೇಲಿನಿಂದ ತಟ್ಟಿದರೆ ಶ್ರುತಿ ಏರುತ್ತದೆ, ಕೆಳಗಿನಿಂದ ತಟ್ಟಿದರೆ ಇಳಿಯುತ್ತದೆ ಎಂದೂ ವಿವರಿಸಿದೆ. ಅವರು ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, ಅಡ್ವಾನ್ಸನ್ನು ಮಾತ್ರ ಏರಿಸಿದರು, ಇಳಿಸಲಿಲ್ಲ.

ಕೊನೆಗೆ ಸಿಕ್ಕ ಮನೆಯಲ್ಲಿ ರಿಯಾಜಿನದೇ ತಾಪತ್ರಯ. ಬೆಳಗಿನ ಜಾವ ಬಾರಿಸಿದರೆ ಕೆಳಗಿನವರು ಸೌಟಿನಿಂದ ಮಾಳಿಗೆ ಕುಟ್ಟುತ್ತಿದ್ದರು. ಅವರ ಲಯ ಚೆನ್ನಾಗಿತ್ತು ಎನ್ನುವುದನ್ನು ಒಪ್ಪಬೇಕು. ತಬಲಾದ ಮೇಲೆ ಟವೆಲ್ ಹಾಸಿ ಬಾರಿಸಿದೆ. ಕೈಗೆ ವ್ಯಾಯಾಮವಾಯಿತು, ಕಿವಿಗೆ ಉಪವಾಸ. ಪಕ್ಕದ ಮನೆಯವರು ಬಚ್ಚಲಿನ ಟೈಲ್ಸ್ ಕೀಳಿಸತೊಡಗಿದ ದಿನ ನನ್ನ ಅದೃಷ್ಟ ತೆರೆಯಿತು. ಗೋಡೆ ಕೊರೆಯುವ ಡ್ರಿಲ್ಲಿಗೆ ಬೆಂಗಳೂರಿನಲ್ಲಿ ಯಾರ ತಕರಾರೂ ಇಲ್ಲ, ಹಗಲೆಲ್ಲ ಅದರದೇ ರಾಜ್ಯ. ಅದರ ಮರೆಯಲ್ಲಿ ಕಾಯದಾ, ರೇಲಾ, ಎಲ್ಲವನ್ನೂ ಧಾರಾಳವಾಗಿ ಬಾರಿಸಿದೆ. ಡ್ರಿಲ್ಲು ಹೆಚ್ಚುಕಡಿಮೆ ಹಾರ್ಮೋನಿಯಮ್ಮಿನ ಕರಿ ಎರಡರಲ್ಲಿ ನಿಲ್ಲುತ್ತಿತ್ತು, ಗೋಡೆಯಲ್ಲಿ ಕಬ್ಬಿಣ ಸಿಕ್ಕಾಗ ಮಾತ್ರ ತಾರಕ್ಕೆ ಏರುತ್ತಿತ್ತು. ಬಚ್ಚಲು ಮುಗಿದ ಮೇಲೆ ಆ ಮನೆಯವರನ್ನು ಕಂಡು, ಅಡುಗೆಮನೆಯ ಟೈಲ್ಸೂ ಹಳೆಯದಾಗಿದೆಯಲ್ಲ ಎಂದು ಹೇಳಿಬಂದೆ.

ಕೇಳುವವರ ವಿಷಯ ಬೇರೆ. ಧಾರವಾಡದ ಶ್ರೋತೃ ಕಣ್ಣು ಮುಚ್ಚಿ ಕೂತು ತಾಳದ ಮೊದಲ ಮಾತ್ರೆ, ಸಮ, ಬಂದಾಗ ತಲೆದೂಗುತ್ತಾನೆ. ಬೆಂಗಳೂರಿನ ಹಿರಿಯ ಶ್ರೋತೃಗಳು ಕರ್ನಾಟಕ ಸಂಗೀತದಲ್ಲಿ ಪಳಗಿದವರು, ರಾಮನವಮಿ ಕಚೇರಿಗಳನ್ನು ಕೇಳುತ್ತ ಬೆಳೆದವರು. ತೊಡೆಯ ಮೇಲೆ ತಾಳ ಹಾಕದಿದ್ದರೆ ಅವರಿಗೆ ಹಾಡು ಕೇಳಿದಂತಾಗುವುದಿಲ್ಲ. ಆದಿತಾಳ ಎಂಟು ಎಣಿಕೆ, ಬೆರಳು ಮಡಿಸಿ ಅಂಗೈ ತಿರುಗಿಸುವಷ್ಟರಲ್ಲಿ ಒಂದು ಸುತ್ತು ಮುಗಿಯುತ್ತದೆ. ನಮ್ಮ ವಿಲಂಬಿತ ಏಕತಾಲ ಹೆಸರಿಗೆ ಹನ್ನೆರಡು ಮಾತ್ರೆ, ಸಮ ಬಿಟ್ಟು ಸಮಕ್ಕೆ ಬರಲು ನಿಮಿಷವೇ ಹಿಡಿದರೂ ಹಿಡಿದೀತು. ಮೊದಲ ಸಾಲಿನಲ್ಲಿ ಕೂತ ಯಜಮಾನರೊಬ್ಬರು ಹುಮ್ಮಸ್ಸಿನಿಂದ ತೊಡೆ ತಟ್ಟಿ ಆರಂಭಿಸಿದರು. ಕಿರುಬೆರಳು ಮಡಿಸಿದರು, ಕಾದರು. ಮಡಿಸಿದ ಬೆರಳನ್ನು ಹಾಗೇ ಇಟ್ಟುಕೊಂಡು ಪಕ್ಕದವರ ಮುಖ ನೋಡಿದರು. ಆಮೇಲೆ ಕೈಗಡಿಯಾರ ನೋಡಿದರು. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು, ನಿಜವಾದ ಕಾಳಜಿಯಿಂದ ಕೇಳಿದರು: “ಮಧ್ಯೆ ಸ್ವಲ್ಪ ನಿದ್ದೆ ಬಂದಿತ್ತಾ ನಿಮಗೆ?”

ಒಂದು ಕೊರಗು ಹೇಳಿಬಿಡುತ್ತೇನೆ. ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ಹೆಸರಿನಲ್ಲಿ ಈ ಊರು 1980ರಲ್ಲಿ ಪಿಟೀಲಿನ ಆಕಾರದ್ದೇ ಒಂದು ಸಭಾಂಗಣ ತೆರೆಯಿತು. ಬಹಳ ಒಳ್ಳೆಯದು. ಡಗ್ಗಾದ ಆಕಾರದ್ದೊಂದು ಕಟ್ಟಬೇಕೆಂದು ಯಾಕೆ ಯಾರಿಗೂ ತೋಚಲಿಲ್ಲ? ಗೋಳಗುಮ್ಮಟ ಸಮೀಪ ಬರುತ್ತದೆ, ಆದರೆ ಅದನ್ನು ಕಟ್ಟಿಸಿದವರಿಗೆ ಆ ಉದ್ದೇಶ ಇರಲಿಲ್ಲ.

ಹವೆಯ ಮಾತಿಗೆ ಬಂದರೆ, ಆಷಾಢದ ಧಾರವಾಡದಲ್ಲಿ ಜಿಟಿಜಿಟಿ ಮಳೆಗೆ ತಬಲಾದ ಚರ್ಮದ ಪುಡಿ ಹಸಿ ಹಿಡಿದು ಶ್ರುತಿ ಜಾರುತ್ತಿತ್ತು. ಬೆಂಗಳೂರಿನ ಏಸಿ ಸಭಾಂಗಣದಲ್ಲಿ ಚರ್ಮ ಒಣಗಿ ಬಿಗಿದು ಶ್ರುತಿ ಏರುತ್ತದೆ. ಅಲ್ಲಿ ಏರಿಸಲು ಸುತ್ತಿಗೆ, ಇಲ್ಲಿ ಇಳಿಸಲು ಸುತ್ತಿಗೆ.

ಇಷ್ಟಾದರೂ ಕೆಲಸ ಸಿಕ್ಕಿತು. ಸಿಕ್ಕದ್ದರ ಗುಟ್ಟು ನನ್ನ ಕೈಯಲ್ಲಿರಲಿಲ್ಲ, ಆಮಂತ್ರಣ ಪತ್ರಿಕೆಯಲ್ಲಿತ್ತು. ನಮ್ಮಲ್ಲಿ ಕಲಾವಿದರ ಹೆಸರಿನ ಮುಂದೆ ಒಂದು ಅಲ್ಪವಿರಾಮ, ಆಮೇಲೆ ಊರು ಅಚ್ಚಾಗುತ್ತದಲ್ಲ? ಬೆಂಗಳೂರಿನವರು ನನ್ನ ಹೆಸರಿನ ಮುಂದೆ ಧಾರವಾಡ ಎಂದು ಹಾಕಿದರು. ನಾನಿರುವುದು ಅವರ ಹಿಂದಿನ ರಸ್ತೆಯಲ್ಲೇ ಎಂದು ಗೊತ್ತಿದ್ದೂ ಹಾಕಿದರು. ಆ ನಾಲ್ಕಕ್ಷರ ಕಂಡರೆ ಜನ ಎರಡು ಸಾಲು ಮುಂದೆ ಬಂದು ಕೂರುತ್ತಾರೆ. ಮನಸೂರರು, ಗಾಯಕ ಬಸವರಾಜ ರಾಜಗುರುಗಳು ಬೆವರು ಸುರಿಸಿ ಗಳಿಸಿಟ್ಟ ಹೆಸರಿನ ಬಡ್ಡಿ ನನ್ನಂಥವರ ಊಟಕ್ಕಾಗುತ್ತದೆ.

ಹೋದ ಶ್ರಾವಣದಲ್ಲಿ ಧಾರವಾಡದಿಂದಲೇ ಕರೆ ಬಂತು, ನಾನು ಅಲ್ಲಿದ್ದಷ್ಟು ವರ್ಷ ಒಮ್ಮೆಯೂ ಕರೆಯದ ಮಂಡಳಿಯಿಂದ. ಪತ್ರಿಕೆಯಲ್ಲಿ ಅಚ್ಚಾದದ್ದು: ತಬಲಾ ಸಾಥ್, ನನ್ನ ಹೆಸರು, ಬೆಂಗಳೂರು. ನಮ್ಮ ಓಣಿಯವರೇ ಬಂದು, “ಯಾವಾಗ ಬಂದ್ರಿ?” ಎಂದು ಬಹುವಚನದಲ್ಲಿ ಮಾತಾಡಿಸಿದರು. ಹೋಗಬೇಡ ಎಂದಿದ್ದ ಕಾಕಾ ಮುಂದಿನ ಸಾಲಿನಲ್ಲಿ ಕೂತು, ಬೆಂಗಳೂರಿಗೆ ಕಳಿಸಿದ್ದು ತಾನೇ ಎಂದು ಮಗ್ಗುಲಿನವರಿಗೆ ಹೇಳುತ್ತಿದ್ದರು.

ಕಾರ್ಯಕ್ರಮ ಮುಗಿದು ಶಾಲು, ಪೇಢೆಯ ಡಬ್ಬಿ, ಲಕೋಟೆ ಬಂದವು. ಲಕೋಟೆ ತೆಳ್ಳಗಿತ್ತು. ಕಾರ್ಯದರ್ಶಿಗಳು ನನ್ನನ್ನು ಒಂದು ಕಂಬದ ಮರೆಗೆ ಕರೆದು ದನಿ ತಗ್ಗಿಸಿದರು.

“ಏನೂ ತಿಳ್ಕೋಬ್ಯಾಡ್ರಿ. ನೀವು ಬೆಂಗಳೂರಿನವರಂತ ಹೋಗಿಬರೋ ಖರ್ಚ ಅದರಾಗ ಇಟ್ಟೇವಿ. ನಮ್ಮೂರವರಂತ ಮಾನಧನ ಇಟ್ಟಿಲ್ಲ.”