ಐದು, ಆರು, ಏಳು, ಎಂಟು

ಹೊರನಾಡಿನ ಕನ್ನಡದ ಮನೆಗಳಲ್ಲಿ ಶನಿವಾರ ಬಂತೆಂದರೆ ಮಕ್ಕಳನ್ನು ಎರಡು ಕಡೆ ಸಾಗಿಸಬೇಕು: ಬೆಳಿಗ್ಗೆ ಕನ್ನಡ ತರಗತಿ, ಮಧ್ಯಾಹ್ನ ಹಿಪ್ ಹಾಪ್ ಕ್ಲಾಸು. ಹೊಟ್ಟೆನೋವು ಬರುವುದು ಮೊದಲನೆಯದಕ್ಕೆ ಮಾತ್ರ. ಸಂಸ್ಕೃತಿ ಮುಳುಗಿತೆಂದು ನಿಟ್ಟುಸಿರಿಡುವವರಿಗೆ ನನ್ನದೊಂದು ಸಲಹೆ: ಎರಡನ್ನೂ ಒಂದು ಮಾಡಿ, ಕಾರಿನ ಖರ್ಚೂ ಉಳಿಯುತ್ತದೆ. ಹಿಪ್ ಹಾಪ್ ಹೆಜ್ಜೆ ಕಲಿಸಲು ಕನ್ನಡ ಹೇಳಿ ಮಾಡಿಸಿದ ಭಾಷೆ.

ಪುರಾವೆ ಎಣಿಕೆಯಲ್ಲೇ ಇದೆ. ಈ ಕುಣಿತದ ಮೊದಲ ಪಾಠ ಬೌನ್ಸ್: ಪೆಟ್ಟು ಬಿದ್ದಾಗ ಮಂಡಿ ಬಗ್ಗಬೇಕು, ಎರಡು ಪೆಟ್ಟುಗಳ ನಡುವೆ ಮೈ ಮೇಲೆ ಬರಬೇಕು. ಇಂಗ್ಲಿಷಿನ ಫೈವ್, ಸಿಕ್ಸ್ ಒಂದೇ ಗುಟುಕಿಗೆ ಮುಗಿದುಹೋಗುವುದರಿಂದ ಮೇಲೆ ಬರುವ ಅರ್ಧಕ್ಕೆ ಟೀಚರು 'ಆ್ಯಂಡ್' ತುರುಕಬೇಕು. ನಮ್ಮ ಐದು, ಆರು, ಏಳು, ಎಂಟರಲ್ಲಿ ಎರಡೆರಡು ಅಕ್ಷರ. 'ಐ'ಗೆ ಕೆಳಗೆ, 'ದು'ಗೆ ಮೇಲೆ. ಒಂದರಿಂದ ಎಂಟರವರೆಗೆ ತಂಟೆ ತೆಗೆಯುವುದು ಎರಡೊಂದೇ. ಅಜ್ಜಿಯಂದಿರ ಹಾಗೆ 'ಎರ್ಡು' ಎಂದರೆ ಅದೂ ತಾಳಕ್ಕೆ ಕೂರುತ್ತದೆ. ಏಳರಲ್ಲಿ ಅಪಾಯವಿದೆ, ಒಪ್ಪುತ್ತೇನೆ: ದಿನಾ ಬೆಳಿಗ್ಗೆ ಹಾಸಿಗೆಯ ಬಳಿ ಕೇಳಿಸುವುದೂ ಅದೇ ಪದವಾದ್ದರಿಂದ, ಬಗ್ಗಬೇಕಾದ ಮಗು ನೆಟ್ಟಗೆ ನಿಂತುಬಿಟ್ಟೀತು. ಇರಲಿ, ನಾನಾರ್ಥ ಪದಗಳ ಪಾಠ ಮಂಡಿಗೆ ಹತ್ತುವುದು ಬೇರೆಲ್ಲೂ ಇಲ್ಲ. ಇನ್ನು ಕ್ಯಾಬೇಜ್ ಪ್ಯಾಚ್: ಎರಡು ಮುಷ್ಟಿ ಸೇರಿಸಿ ಎದೆಯ ಮುಂದೆ ಸುತ್ತು ಹಾಕುವ ಹೆಜ್ಜೆ. ಹೆಸರು 1980ರ ದಶಕದ ಗೊಂಬೆಯೊಂದರದು, ಈಗಿನ ಮಕ್ಕಳು ಅದನ್ನು ಕಂಡಿಲ್ಲ. 'ಮುದ್ದೆ ತಿರುವು' ಎನ್ನಿ, ಕೈ ತಾನಾಗಿ ಸುತ್ತುತ್ತದೆ. ಮನೆಯಲ್ಲಿ ಮುದ್ದೆ ಮಾಡದಿದ್ದರೆ ಮೊದಲು ಅದನ್ನು ಶುರುಮಾಡಬೇಕು.

ಹಿಪ್ ಹಾಪ್ ನಮ್ಮದಲ್ಲವಲ್ಲ ಎನ್ನುತ್ತೀರಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಜಮೈಕಾದಿಂದ ವಲಸೆ ಬಂದ ಮನೆಯ ಹುಡುಗಿ ಸಿಂಡಿ ಕ್ಯಾಂಬೆಲ್ ಶಾಲೆಗೆ ಹೊಸ ಬಟ್ಟೆ ಕೊಳ್ಳಲು ತಮ್ಮ ಕಟ್ಟಡದ ಹಾಲಿನಲ್ಲೇ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ಹಾಕಿದವನು ಅಣ್ಣ ಕೂಲ್ ಹರ್ಕ್. ಹಿಪ್ ಹಾಪಿನ ಹುಟ್ಟುಹಬ್ಬವೆಂದು ಈಗ ಆಚರಿಸುವುದು ಆ ದಿನವನ್ನೇ. ವಲಸೆ ಬಂದವರು, ಹಾಲು, ಟಿಕೆಟ್ಟು, ಹಾಡು ಹಾಕಲು ಮನೆಯ ಹುಡುಗ: ಇದು ಕನ್ನಡ ಕೂಟದ ಯುಗಾದಿಯಲ್ಲದೆ ಇನ್ನೇನು? ಬಿಸಿಬೇಳೆಬಾತ್ ಒಂದು ಕಮ್ಮಿ. ಹಾಡಿನ ಮಾತು ಕೆಟ್ಟದ್ದು ಎನ್ನುವವರಿಗೂ ಉತ್ತರ ಹರ್ಕನಲ್ಲೇ ಇದೆ. ದನಿ ನಿಂತು ಡ್ರಮ್ಮು ಮಾತ್ರ ಬಡಿಯುವ ತುಣುಕಿಗೆ ಜನ ಕಾದು ಕುಣಿಯುವುದನ್ನು ಕಂಡು ಆತ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಅದನ್ನೇ ಲಂಬಿಸಿದ. ನೀವೂ ಬರೀ ಬಡಿತ ಹಾಕಿ. ಡೊಳ್ಳು ಹಾಕಿದರೂ ಮಂಡಿ ತಕರಾರು ಮಾಡುವುದಿಲ್ಲ. ಅರಮಂಡಿಗೆ ಕೂರು ಕೂರು ಎಂದು ದಣಿದ ಭರತನಾಟ್ಯದ ಗುರುಗಳಿಗಂತೂ, ಬಗ್ಗಲು ಕಲಿತ ಮಂಡಿಯೊಂದು ಸಿಕ್ಕರೆ ಲಾಭವೇ.

ಗೋಡೆಗೊರಗಿ ಮೊಬೈಲಿನಲ್ಲಿ ವಿಡಿಯೊ ಹಿಡಿಯುವ ಅಪ್ಪ ಅಮ್ಮಂದಿರಿಗೆ ಮಾತ್ರ ಏನು ಹೇಳುವುದೋ ತೋಚುತ್ತಿಲ್ಲ. ಟೀಚರು ಕನ್ನಡದಲ್ಲಿ ಎಣಿಸುತ್ತಿದ್ದರೂ ಅವರು ಕೂಗುವುದು 'ಬೆಂಡ್ ಯುವರ್ ನೀಸ್, ಪುಟ್ಟಾ' ಎಂದೇ.